ಬಡವರಿಗೆ ಕಸುಬು, ಉಳ್ಳವರಿಗೆ ಕಲೆ

ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ರೋಗಿಯ ಕೈಗೆ ಕೊಡುವ ಡಿಸ್ಚಾರ್ಜ್ ಸಮ್ಮರಿಯನ್ನು ಯಾರೂ ಒಂದು ಬರಹವೆಂದು ಓದುವುದಿಲ್ಲ. ಔಷಧದಂಗಡಿಯಲ್ಲಿ ತೋರಿಸಿ, ಮಡಚಿ, ಎಕ್ಸ್‌ರೇಯ ದೊಡ್ಡ ಕವರಿನೊಳಗೆ ಹಾಕಿ ಕಪಾಟಿನ ಮೇಲೆ ಇಟ್ಟುಬಿಡುತ್ತೇವೆ. ಆದರೆ ನಮ್ಮ ಆರೋಗ್ಯ ವ್ಯವಸ್ಥೆ ಮನುಷ್ಯನನ್ನು ಹೇಗೆ ಕಾಣುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಠ್ಯ ಬೇರೆ ಸಿಗಲಾರದು. ದಾಖಲಾದ ದಿನಾಂಕ, ರೋಗದ ಹೆಸರು, ಮಾಡಿದ ಪರೀಕ್ಷೆಗಳು, ಮಾತ್ರೆಗಳ ಪಟ್ಟಿ, ಎರಡು ವಾರ ಬಿಟ್ಟು ಮತ್ತೆ ಬಂದು ತೋರಿಸಬೇಕೆಂಬ ಸೂಚನೆ. ಅಷ್ಟೇ. ಆ ಎರಡು ವಾರಗಳಲ್ಲಿ ಹದಿನಾಲ್ಕು ಹಗಲುಗಳಿವೆ. ಮಾತ್ರೆ ನುಂಗಲು ದಿನಕ್ಕೆ ಐದು ನಿಮಿಷ ಸಾಕು. ಉಳಿದ ಹೊತ್ತನ್ನು ಆ ಮನುಷ್ಯ ಏನು ಮಾಡಬೇಕು ಎಂಬುದರ ಬಗ್ಗೆ ಆ ಕಾಗದ ಮೌನವಾಗಿರುತ್ತದೆ.

ಈ ಮೌನದ ಬೆಲೆಯನ್ನು ತೆರುವವರು ಮನೆಯವರು. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದವರು, ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಮಾನಸಿಕ ಕಾಯಿಲೆಗೆ ತಿಂಗಳುಗಟ್ಟಲೆ ವಾರ್ಡಿನಲ್ಲಿದ್ದು ಬಂದವರು - ಇವರೆಲ್ಲ ಮನೆ ತಲುಪಿದ ಮೊದಲ ವಾರ ಬಂಧುಗಳು ಸೇಬು, ಹಾರ್ಲಿಕ್ಸ್ ಹಿಡಿದು ಬರುತ್ತಾರೆ. ರೋಗಿಯನ್ನು ಸಂದರ್ಶಿಸುವುದು ನಮ್ಮಲ್ಲಿ ಧಾರ್ಮಿಕ ಕರ್ತವ್ಯವೂ ಹೌದು. ಮಾನಸಿಕ ಕಾಯಿಲೆಯಾದರೆ ಆ ಸಂದರ್ಶನವೂ ಇರುವುದಿಲ್ಲ. ಬಂದವರು ಅಡುಗೆಮನೆಯಲ್ಲೇ ಪಿಸುಗುಟ್ಟಿ ಹೋಗುತ್ತಾರೆ. ಎರಡನೆಯ ವಾರದಿಂದ ಕಿಟಕಿ, ಟಿವಿ, ಮೊಬೈಲು. ವಾರ್ಡಿನಲ್ಲಾದರೂ ಅಕ್ಕಪಕ್ಕದ ಹಾಸಿಗೆಯವರಿದ್ದರು, ರೌಂಡ್ಸಿಗೆ ಬರುವ ಡಾಕ್ಟರರಿದ್ದರು. ಮನೆಯಲ್ಲಿ ಹಗಲೆಲ್ಲ ಒಂಟಿ.

ಆ ಖಾಲಿ ಹೊತ್ತಿನ ಸಂದರ್ಭದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ಮಾತು ಆರ್ಟ್ ಥೆರಪಿ, ಅಂದರೆ ಕಲಾ ಚಿಕಿತ್ಸೆ. ಬಣ್ಣ, ಮಣ್ಣು, ಕಾಗದ, ದಾರದ ಮೂಲಕ, ತರಬೇತಿ ಪಡೆದ ಒಬ್ಬರ ಸಮ್ಮುಖದಲ್ಲಿ, ಮಾತಿಗೆ ಸಿಗದ್ದನ್ನು ಹೊರಗೆ ತರುವ ಕ್ರಮ. ಒಳ್ಳೆಯದೇ. ಆದರೆ ಇದು ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಖಾಸಗಿ ಚಿಕಿತ್ಸಕರು ಗಂಟೆಗೆ ಸಾವಿರ ರೂಪಾಯಿಗೂ ಮೇಲೆ ಹೇಳುವುದು ಅಸಾಮಾನ್ಯವಲ್ಲ. ವಾರಾಂತ್ಯದ ಶಿಬಿರಗಳಿವೆ, ಅಲ್ಲಿಗೆ ಹೋಗುವವರು ಹೆಚ್ಚಾಗಿ ದುಡಿಮೆಯ ಒತ್ತಡದಿಂದ ದಣಿದವರೇ ಹೊರತು ವಾರ್ಡಿನಿಂದ ಹೊರಬಂದವರಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯವರಿರುವ ಕುಟುಂಬಗಳು ಚಿಕಿತ್ಸೆಗೂ ಓಡಾಟಕ್ಕೂ ತಿಂಗಳಿಗೆ 1,000ದಿಂದ 1,500 ರೂಪಾಯಿಯಷ್ಟು ಕೈಯಿಂದ ಖರ್ಚು ಮಾಡುತ್ತಿದ್ದವು. ಬಡ ಕುಟುಂಬಕ್ಕೆ ಅದೇ ಭಾರ. ಇಡೀ ತಿಂಗಳ ಆ ವೆಚ್ಚ ಒಂದು ಗಂಟೆಯ ಕಲೆಗೆ ಹೋಗುವುದಾದರೆ ಯಾವ ಮನೆಯವರು ಒಪ್ಪುತ್ತಾರೆ?

ಸರಕಾರದ ವಿಮೆ ಇಲ್ಲಿ ನೆರವಿಗೆ ಬರುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಆದರೆ ಅದರ ಲೆಕ್ಕಾಚಾರವೆಲ್ಲ ಹಾಸಿಗೆಯ ಸುತ್ತ. ಹಾಸಿಗೆ ಬಿಟ್ಟ ಮೇಲೆ ಶುರುವಾಗುವ ದೀರ್ಘ ಚೇತರಿಕೆ ಅದರ ಕಣ್ಣಿಗೆ ಬೀಳುವುದಿಲ್ಲ.

ವಿಪರ್ಯಾಸವೆಂದರೆ ಈ ಕಲಾ ಚಿಕಿತ್ಸೆ ಹುಟ್ಟಿದ್ದು ಶ್ರೀಮಂತರ ಬಡಾವಣೆಯಲ್ಲಲ್ಲ, ರೋಗಿಗಳ ವಾರ್ಡಿನಲ್ಲಿ. ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರ ಮೊದಲ ಮಹಾಯುದ್ಧದ ಕಂದಕಗಳನ್ನು ಚಿತ್ರಿಸಿದವನು. 1938ರಲ್ಲಿ ಕ್ಷಯ ತಗಲಿ ಇಂಗ್ಲೆಂಡಿನ ಮಿಡ್‌ಹರ್ಸ್ಟ್‌ನ ಸ್ಯಾನಟೋರಿಯಂ ಸೇರಿದ. ಕ್ಷಯಕ್ಕೆ ಆಗ ಔಷಧ ಇರಲಿಲ್ಲ, ಮಲಗಿರುವುದೇ ಚಿಕಿತ್ಸೆ. ಮಲಗಿದಲ್ಲೇ ಎದುರಿಗಿದ್ದ ಸಣ್ಣಪುಟ್ಟ ವಸ್ತುಗಳನ್ನು ಬಿಡಿಸತೊಡಗಿದ ಹಿಲ್, ಮುಂದೆ ಪಕ್ಕದ ರೋಗಿಗಳಿಗೂ ಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗೂ ಪೆನ್ಸಿಲು ಹಿಡಿಸಿದ. ಆರ್ಟ್ ಥೆರಪಿ ಎಂಬ ಹೆಸರನ್ನು 1942ರಲ್ಲಿ ಕೊಟ್ಟವನು ಅವನೇ. 1945ರಲ್ಲಿ ಅವನ 'ಆರ್ಟ್ ವರ್ಸಸ್ ಇಲ್‌ನೆಸ್' ಪುಸ್ತಕ ಬಂತು. ಮುದ್ರಿತ ವರ್ಣಚಿತ್ರಗಳನ್ನು ಗ್ರಂಥಾಲಯದ ಪುಸ್ತಕಗಳಂತೆ ಆಸ್ಪತ್ರೆಯ ವಾರ್ಡುಗಳಿಗೆ ಎರವಲು ಕೊಡುವ ಕೆಲಸದಲ್ಲಿ ರೆಡ್‌ಕ್ರಾಸ್ ಸಂಸ್ಥೆಯ ಜೊತೆ ಅವನು ದುಡಿದ. ಪೆನ್ಸಿಲು, ಕಾಗದ, ಎರವಲು ತಂದ ಚಿತ್ರ: ಇದರಲ್ಲಿ ದುಬಾರಿಯಾದದ್ದು ಯಾವುದು?

ಹಿಲ್‌ಗಿಂತ ನಮಗೆ ಹೆಚ್ಚು ಮುಖ್ಯನಾಗಿ ಕಾಣುವವನು ಎಡ್ವರ್ಡ್ ಆಡಮ್ಸನ್. ಇವನು 1946ರಲ್ಲಿ ಸರ್ರೆಯ ನೆದರ್ನ್ ಮಾನಸಿಕ ಆಸ್ಪತ್ರೆಗೆ ಕೆಲಸಕ್ಕೆ ಸೇರಿ 1981ರವರೆಗೆ ಅಲ್ಲೇ ಉಳಿದ. ವರ್ಷಗಟ್ಟಲೆ ಬೀಗದೊಳಗೆ ಬದುಕಿದವರು ಅಲ್ಲಿದ್ದರು. ಆಡಮ್ಸನ್ ಅವರಿಗೆ ಒಂದು ಕೋಣೆ, ಒಂದು ಮೇಜು, ಬಣ್ಣ ಕೊಟ್ಟ. ಏನು ಬಿಡಿಸಬೇಕೆಂದು ಹೇಳಲಿಲ್ಲ. ಬಿಡಿಸಿದ್ದಕ್ಕೆ ಅರ್ಥ ಹಚ್ಚಲಿಲ್ಲ. ಸುಮ್ಮನೆ ಜೊತೆಯಲ್ಲಿದ್ದ. ಅವನು ಕಾಪಾಡಿದ ಸಾವಿರಾರು ಚಿತ್ರಗಳು ಇಂದು ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿವೆ. ಕಲಾ ವಿಮರ್ಶಕರು ಆ ಚಿತ್ರಗಳ ಗುಣದ ಬಗ್ಗೆ ಬರೆಯುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ, ಆ ಜನರಿಂದ ಯಾರೂ ಏನನ್ನೂ ನಿರೀಕ್ಷಿಸದ ಕೆಲವು ಗಂಟೆಗಳು ಅವರಿಗೆ ಸಿಕ್ಕವು ಎಂಬುದು. ಅವರು ಮಾಡಿದ್ದು ಮಾರಾಟಕ್ಕಲ್ಲ, ಪರೀಕ್ಷೆಗಲ್ಲ, ಬಹುಮಾನಕ್ಕಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿಗೆ ಬರೋಣ. ಸಮುದಾಯದಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗಕ್ಕೆ ದೇಶದಲ್ಲಿ ಮಾದರಿಯಾದದ್ದು ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಕೆಲಸದ ಆಧಾರದಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹಬ್ಬಿತು. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಕಳೆಯಲು ಕರ್ನಾಟಕ ಸರಕಾರ ಜಿಲ್ಲೆಗಳಲ್ಲಿ 'ಮಾನಸಧಾರ' ಕೇಂದ್ರಗಳನ್ನು ತೆರೆದಿದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ ಮೊದಲಾದ ಕಸುಬುಗಳ ತರಬೇತಿ ಇದೆ. ಇವೆಲ್ಲ ಬೆಲೆಯುಳ್ಳ ಕೆಲಸಗಳು, ಇವುಗಳನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ತನ್ನ ದುಡಿಮೆಯ ನೂರು ರೂಪಾಯಿ ತಾಯಿಯ ಕೈಗೆ ಕೊಡುವ ಮಗನ ಮುಖದಲ್ಲಿ ಮೂಡುವ ನೆಮ್ಮದಿ ಯಾವ ಚಿತ್ರದಿಂದಲೂ ಬರಲಾರದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ದೇಶದಲ್ಲಿ ಬಡ ರೋಗಿ ಗುಣಮುಖನಾಗುವಾಗ ಅವನ ಮುಂದೆ ಮೇಣದಬತ್ತಿಯ ಅಚ್ಚು, ಕಾಗದದ ಲಕೋಟೆ, ಫಿನಾಯಿಲ್ ಬಾಟಲಿ ಬರುತ್ತದೆ. ಉಳ್ಳವನು ಗುಣಮುಖನಾಗುವಾಗ ಅವನ ಮುಂದೆ ಕ್ಯಾನ್ವಾಸ್ ಬರುತ್ತದೆ. ಮೊದಲನೆಯದರ ಹೆಸರು ಪುನರ್ವಸತಿ, ಎರಡನೆಯದರ ಹೆಸರು ಚಿಕಿತ್ಸೆ. ಬಡವ ಬೇಗ ಉಪಯೋಗಕ್ಕೆ ಬರಬೇಕು, ಉಳ್ಳವನು ನಿಧಾನವಾಗಿ ತನ್ನನ್ನು ಕಂಡುಕೊಳ್ಳಬಹುದು ಎಂಬ ಈ ವಿಭಜನೆಯನ್ನು ಯಾರೂ ಆದೇಶ ಹೊರಡಿಸಿ ಮಾಡಿದ್ದಲ್ಲ. ಆದ್ದರಿಂದಲೇ ಅದು ಪ್ರಶ್ನೆಗೆ ಒಳಗಾಗುವುದಿಲ್ಲ. ಲಕೋಟೆ ಮಡಚುವ ಕೈಗೂ ತನ್ನದೇ ಒಂದು ಗೆರೆ ಎಳೆಯುವ ಆಸೆ ಇರಬಹುದೆಂದು ನಮ್ಮ ಯೋಜನೆಗಳಿಗೆ ಹೊಳೆಯುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ತೀವ್ರ. ಮಾನಸಿಕ ಆಸ್ಪತ್ರೆಯಿಂದ ಗಂಡನ ಮನೆಗೆ ಮರಳಿದ ಹೆಣ್ಣು ಗುಣವಾಗಿದ್ದಾಳೋ ಇಲ್ಲವೋ ಎಂದು ಅಳೆಯುವ ಮಾನದಂಡ ಒಂದೇ: ಅಡುಗೆ ಮಾಡುತ್ತಾಳೆಯೇ? ಬೀಡಿ ಕಟ್ಟುತ್ತಾಳೆಯೇ? ಮಾಡಿದರೆ ಗುಣ, ಸುಮ್ಮನೆ ಕುಳಿತರೆ ಕಾಯಿಲೆ ಮರುಕಳಿಸಿದೆ ಎಂದು ಅರ್ಥ. ಅಂಥವಳಿಗೆ ವಾರದಲ್ಲಿ ಎರಡು ಗಂಟೆ ಯಾರ ಉಪಯೋಗಕ್ಕೂ ಅಲ್ಲದ ಕೆಲಸ ಮಾಡುವ ಜಾಗ ಸಿಗುವುದು ಸಣ್ಣ ಸಂಗತಿಯಲ್ಲ.

ಇಷ್ಟು ಹೇಳಿದ ಮೇಲೆ ಕಲಾ ಚಿಕಿತ್ಸೆಯ ಪರವಾಗಿ ಆಡುವ ದೊಡ್ಡ ಮಾತುಗಳನ್ನೂ ಒರೆಗೆ ಹಚ್ಚಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಾಗಿ ನೋಡಿ, ಆರೋಗ್ಯಕ್ಕೆ ಕಲೆಗಳಿಂದ ಪ್ರಯೋಜನವಿದೆ ಎಂದು ವರದಿ ಕೊಟ್ಟಿತು. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಕಡಿಮೆ ಮಂದಿ ಉಲ್ಲೇಖಿಸುವ ಇನ್ನೊಂದು ಅಧ್ಯಯನವಿದೆ. ಬ್ರಿಟನ್ನಿನಲ್ಲಿ ಸ್ಕಿಜೋಫ್ರೇನಿಯಾ ಇರುವ 417 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕಲಾ ಚಿಕಿತ್ಸೆ, ಇನ್ನೊಂದಕ್ಕೆ ಬೇರೆ ಚಟುವಟಿಕೆ, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಮಾತ್ರ ಕೊಟ್ಟರು. ಎರಡು ವರ್ಷಗಳ ನಂತರ ನೋಡಿದರೆ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು. ಕಲೆಯ ಗುಂಪಿಗೆ ಆಯ್ಕೆಯಾದವರಲ್ಲಿ ಬಹಳಷ್ಟು ಮಂದಿ ಸರಿಯಾಗಿ ಬರಲೇ ಇಲ್ಲ.

ಈ ಫಲಿತಾಂಶ ಹಿಡಿದು ಕಲಾ ಚಿಕಿತ್ಸೆ ನಿರರ್ಥಕ ಎನ್ನುವವರಿದ್ದಾರೆ. ನಮಗೆ ಕಾಣುವುದು ಬೇರೆ. ಚೀಟಿ ಎತ್ತಿದ ಹಾಗೆ ಹಂಚಿದ ಔಷಧವಾಗಿ ಕಲೆ ಎಲ್ಲರಿಗೂ ಹಿಡಿಸುವುದಿಲ್ಲ. ಯಾರಿಗೆ ಬೇಕೋ ಅವರು ತಾವಾಗಿ ನಡೆದು ಬರುವ ಜಾಗವಾಗಿ ಅದು ಉಳಿಯಬೇಕು. ಅದು ಮಾತ್ರೆಗೆ ಬದಲಿಯಲ್ಲ. ಚಿತ್ರ ಬಿಡಿಸಿದರೆ ಕಾಯಿಲೆ ವಾಸಿ ಎಂದು ಹೇಳುವವರನ್ನು ದೂರವಿಡುವುದೇ ಕ್ಷೇಮ. ಆಸ್ಪತ್ರೆಯ ನಂತರ ಸಿಡಿಲಿನಂತೆ ಅರಳಿದ ಕಲಾವಿದರ ಕಥೆಗಳನ್ನೂ ಎಚ್ಚರದಿಂದ ಓದಬೇಕು. 1941ರ ಶಸ್ತ್ರಚಿಕಿತ್ಸೆಯ ನಂತರ ಗಾಲಿಕುರ್ಚಿಯಲ್ಲಿ ಕೂತು ಬಣ್ಣದ ಕಾಗದ ಕತ್ತರಿಸಿದ ಹೆನ್ರಿ ಮಾತೀಸ್‌ನ ಕಥೆ ಜಗತ್ಪ್ರಸಿದ್ಧ. ನಮ್ಮವರೇ ಆದ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದ ಉತ್ತರಾರ್ಧದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ದೃಷ್ಟಿ ಕಳೆದುಕೊಂಡರು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿದರು, ಗೋಡೆಗೆ ಮ್ಯೂರಲ್ ಮಾಡಿದರು. 1972ರಲ್ಲಿ ಸತ್ಯಜಿತ್ ರಾಯ್ ಅವರ ಕುರಿತು 'ದಿ ಇನ್ನರ್ ಐ' ಚಿತ್ರ ತೆಗೆದರು. ಇವರಿಬ್ಬರೂ ಮೊದಲೇ ದೊಡ್ಡ ಕಲಾವಿದರು. ಇವರ ಉದಾಹರಣೆಯನ್ನು ನಲವತ್ತೈದು ವರ್ಷದ ಲಾರಿ ಡ್ರೈವರನ ಮುಂದಿಟ್ಟರೆ ಅವನಿಗೆ ಹುಮ್ಮಸ್ಸಿಗಿಂತ ಸಂಕೋಚವೇ ಹೆಚ್ಚಾಗುತ್ತದೆ. ಶಾಲೆ ಬಿಟ್ಟ ಮೇಲೆ ಪೆನ್ಸಿಲು ಮುಟ್ಟದವನ ಮೊದಲ ಮಾತು, 'ಇದೆಲ್ಲ ಮಕ್ಕಳಾಟ' ಎಂದೇ ಇರುತ್ತದೆ. ವಯಸ್ಕರ ಚಿಕಿತ್ಸೆಯಲ್ಲಿ ದಾಟಬೇಕಾದ ಮೊದಲ ಹೊಸ್ತಿಲು ಅದು.

ಇನ್ನು ನಮ್ಮ ಸಮುದಾಯದ ಒಳಗಿನ ಮಾತು. ಇಸ್ಲಾಮೀ ನಾಗರಿಕತೆಯ ಆಸ್ಪತ್ರೆಗಳ ಬಗ್ಗೆ ನಮ್ಮ ವೇದಿಕೆಗಳಲ್ಲಿ, ಪತ್ರಿಕೆಗಳಲ್ಲಿ ಎಷ್ಟು ಸಲ ಹೆಮ್ಮೆ ಪಟ್ಟಿಲ್ಲ! ಹೆಮ್ಮೆಗೆ ಕಾರಣವೂ ಇದೆ. ದಮಾಸ್ಕಸ್‌ನ ನೂರಿ ಆಸ್ಪತ್ರೆಯಲ್ಲಿ ಗುಣವಾದ ಖಲಾವುನ್ ಮುಂದೆ ಸುಲ್ತಾನನಾಗಿ 1284ರ ಸುಮಾರಿಗೆ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆ ಕಟ್ಟಿಸಿದ. ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಅಲ್ಲಿ ಪ್ರವೇಶವಿತ್ತು. ಖರ್ಚೆಲ್ಲ ವಕ್ಫ್ ಆಸ್ತಿಯ ಆದಾಯದಿಂದ. ಗುಣವಾಗಿ ಹೊರಡುವವನು ತಕ್ಷಣ ದುಡಿಮೆಗೆ ಓಡಬೇಕಾಗದಂತೆ ಕೈಗೆ ಹಣ ಕೊಡುತ್ತಿದ್ದರೆಂಬುದು ಆ ಆಸ್ಪತ್ರೆಯ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಿವರ. ನಮ್ಮ ವಿಷಯಕ್ಕೆ ಈ ವಿವರವೇ ಮುಖ್ಯ. ಆಸ್ಪತ್ರೆಯ ಹೊಣೆ ಬಾಗಿಲಲ್ಲೇ ಮುಗಿಯುವುದಿಲ್ಲ ಎಂದು ಅವರು ತಿಳಿದಿದ್ದರು. ಟರ್ಕಿಯ ಎಡಿರ್ನೆಯಲ್ಲಿ ಎರಡನೆಯ ಬಾಯಝೀದ್ 1488ರಲ್ಲಿ ಪೂರ್ಣಗೊಳಿಸಿದ ಆಸ್ಪತ್ರೆಯಲ್ಲಿ ಹತ್ತು ಮಂದಿ ಗಾಯಕ-ವಾದಕರು ವಾರಕ್ಕೆ ಮೂರು ದಿನ ರೋಗಿಗಳಿಗಾಗಿ ಹಾಡಿ ನುಡಿಸುತ್ತಿದ್ದರೆಂದು ಹದಿನೇಳನೆಯ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾನೆ. ಆ ಕಲಾವಿದರ ಸಂಬಳವೂ ವಕ್ಫ್‌ನಿಂದಲೇ. ಇಂದು ಅದು ವಸ್ತುಸಂಗ್ರಹಾಲಯ. 2004ರಲ್ಲಿ ಕೌನ್ಸಿಲ್ ಆಫ್ ಯುರೋಪ್‌ನ ಮ್ಯೂಸಿಯಂ ಪ್ರಶಸ್ತಿ ಪಡೆಯಿತು.

ಈ ಇತಿಹಾಸವನ್ನು ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರು ಅದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ತಾರೀಖು ಇದೆ: 2001ರ ಆಗಸ್ಟ್ 6. ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಒಂದು ಗುಡಿಸಲು ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿ ಕಟ್ಟಿದ್ದರಿಂದ ಓಡಲಾಗದ ಮಾನಸಿಕ ರೋಗಿಗಳು ಸುಟ್ಟುಹೋದರು. ಸತ್ತವರು 28 ಮಂದಿ, ಹಿಂದೂಗಳು ಮುಸ್ಲಿಮರು ಎಲ್ಲರೂ. ಗುಣವಾಗುವ ಆಸೆಯಿಂದ ಮನೆಯವರೇ ತಂದು ಬಿಟ್ಟವರು ಅವರು. ಎಡಿರ್ನೆ ನಮ್ಮದಾದರೆ ಎರವಾಡಿಯೂ ನಮ್ಮದೇ.

ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ಇವತ್ತು ಸುಮ್ಮನೆ ಕುಳಿತಿಲ್ಲ. ಆಂಬುಲೆನ್ಸ್ ಓಡಿಸುತ್ತವೆ, ರಕ್ತದಾನ ಶಿಬಿರ ನಡೆಸುತ್ತವೆ, ಡಯಾಲಿಸಿಸ್‌ಗೆ ನೆರವಾಗುತ್ತವೆ. ಕೊರೋನಾ ಕಾಲದಲ್ಲಿ ಯಾರೂ ಮುಟ್ಟದ ಹೆಣಗಳಿಗೆ ಹೆಗಲು ಕೊಟ್ಟ ಹುಡುಗರನ್ನು ನಾಡು ಕಂಡಿದೆ. ಆದರೆ ನಮ್ಮ ದಾನಕ್ಕೊಂದು ಸ್ವಭಾವವಿದೆ. ಅದು ಯಂತ್ರವನ್ನು ಪ್ರೀತಿಸುತ್ತದೆ. ಡಯಾಲಿಸಿಸ್ ಯಂತ್ರದ ಮೇಲೆ ದಾನಿಯ ಹೆಸರು ಬರೆಯಬಹುದು, ಉದ್ಘಾಟನೆ ಮಾಡಿಸಬಹುದು. ಒಬ್ಬ ಹೆಂಗಸು ಬುಧವಾರ ಮಧ್ಯಾಹ್ನ ಎರಡು ಗಂಟೆ ಕೂತು ಬಟ್ಟೆಯ ಮೇಲೆ ತನಗಿಷ್ಟ ಬಂದ ಹಾಗೆ ದಾರ ಎಳೆದಳು ಎಂಬುದನ್ನು ಉದ್ಘಾಟಿಸುವುದು ಹೇಗೆ?

ಇಲ್ಲಿ ಚಿತ್ರದ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಜೀವಿಗಳ ಚಿತ್ರ ಬಿಡಿಸುವ ವಿಷಯದಲ್ಲಿ ನಮ್ಮ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ, ಹಲವು ಮನೆಗಳಲ್ಲಿ ಹಿಂಜರಿಕೆಯೂ ಇದೆ. ಕಾಯಿಲೆಯಿಂದ ಎದ್ದ ಮನುಷ್ಯನ ಮೇಲೆ ಇನ್ನೊಂದು ಪಾಪಭೀತಿ ಹೇರುವುದು ಬೇಡ. ಆದರೆ ಕಲೆ ಎಂದರೆ ಮುಖ, ಮೈ ಬಿಡಿಸುವುದು ಮಾತ್ರ ಎಂದು ಯಾರು ಹೇಳಿದರು? ಅಕ್ಷರವನ್ನೇ ಕಲೆಯನ್ನಾಗಿಸಿದ ಪರಂಪರೆ ನಮ್ಮದು. ಬಳ್ಳಿ, ನಕ್ಷತ್ರ, ಜಾಲರಿಗಳ ವಿನ್ಯಾಸ ವಿಜಯಪುರದ, ಬೀದರಿನ ಗೋಡೆಗಳ ಮೇಲೆ ಇಂದಿಗೂ ಇದೆ. ಬಿದರಿ ಕಸುಬಿನ ಕರಿ ಲೋಹದಲ್ಲಿ ಬೆಳ್ಳಿ ಕೂರಿಸುವ ಕೈಗಳು ಇನ್ನೂ ಬದುಕಿವೆ. ಮದರಂಗಿ ಹಚ್ಚಲು ಬಾರದ ಹುಡುಗಿ ನಮ್ಮಲ್ಲಿ ಅಪರೂಪ. ಧಾರವಾಡದ ಕಡೆ ಕಸೂತಿ ಇದೆ. ನಡುಗುವ ಕೈಯಿಂದ ಮದರಂಗಿಯ ಕೋನ್ ಹಿಡಿದು ಕಾಗದದ ಮೇಲೆ ಒಂದು ಬಳ್ಳಿ ಎಳೆಯುವುದು ಪಾರ್ಶ್ವವಾಯುವಿನಿಂದ ಚೇತರಿಸುವವರ ಬೆರಳಿಗೆ ಕೆಲಸ, ಮನಸ್ಸಿಗೂ ಕೆಲಸ. ಅದನ್ನು ಹೇಗೆ, ಎಷ್ಟು ಹೊತ್ತು ಮಾಡಿಸಬೇಕೆಂದು ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರು ನೋಡಿ ಹೇಳಬೇಕಷ್ಟೆ. ಜಿಪ್ಸಮ್ ಗೊಂಬೆಗಳಿಗೆ ಬಣ್ಣ ಬಳಿಸುವ ಆಮದು ಕಿಟ್‌ಗಳ ಅಗತ್ಯವಿಲ್ಲ.

ಆದರೆ ಕೈಕಸುಬು ಕಲಿಸುವ ಟೀಚರನ್ನು ಕರೆತಂದರೆ ಅದೇ ಕಲಾ ಚಿಕಿತ್ಸೆಯಾಯಿತು ಎಂದೂ ತಿಳಿಯಬಾರದು. ವ್ಯತ್ಯಾಸವಿದೆ, ಆ ವ್ಯತ್ಯಾಸವನ್ನು ಮರೆತರೆ ಅಪಾಯ. ಐಸಿಯುವಿನ ರಾತ್ರಿಗಳನ್ನು ಕಂಡವನು, ಆತ್ಮಹತ್ಯೆಗೆ ಯತ್ನಿಸಿ ಬದುಕಿ ಬಂದವಳು ಬಣ್ಣ ಹಚ್ಚುತ್ತ ಕೂತಾಗ ಇದ್ದಕ್ಕಿದ್ದಂತೆ ಅಳು ಬರಬಹುದು, ಭಯ ಮರಳಬಹುದು. ಆಗ ಏನು ಮಾಡಬೇಕೆಂದು ಗೊತ್ತಿರುವವರು ಹತ್ತಿರ ಇರಬೇಕು. ಬ್ರಿಟನ್ನಿನಲ್ಲಿ ಆರ್ಟ್ ಥೆರಪಿಸ್ಟ್ ಎಂಬ ಹೆಸರನ್ನು ನೋಂದಣಿ ಇಲ್ಲದೆ ಯಾರೂ ಬಳಸುವಂತಿಲ್ಲ. ನಮ್ಮಲ್ಲಿ 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದರೆ ಕೆಲವೇ ದಿನಗಳ ಕೋರ್ಸು ಮುಗಿಸಿ ಫಲಕ ಹಾಕಿಕೊಳ್ಳುವ ಚಾಳಿ ಅದರಿಂದ ನಿಂತಿಲ್ಲ. ಕಪ್ಪು ಬಣ್ಣ ಬಳಿದರೆ ಖಿನ್ನತೆ, ಮರಕ್ಕೆ ಬೇರು ಬಿಡಿಸದಿದ್ದರೆ ಅಭದ್ರತೆ ಎಂದು ಒಂದೇ ನೋಟಕ್ಕೆ ತೀರ್ಪು ಕೊಡುವವರು ಇಂಥವರೇ. ಭವಿಷ್ಯ ಹೇಳುವವನಿಗೂ ಇವರಿಗೂ ಹೆಚ್ಚಿನ ಅಂತರವಿಲ್ಲ. ಆಡಮ್ಸನ್ ಮೂವತ್ತೈದು ವರ್ಷ ಅರ್ಥ ಹಚ್ಚದೆ ಉಳಿದದ್ದು ಸುಮ್ಮನೆ ಅಲ್ಲ.

ಹಾಗಾದರೆ ಕೈಗೆಟಕುವ ಬೆಲೆಯಲ್ಲಿ ಇದನ್ನು ಹುಡುಕುವುದು ಎಲ್ಲಿ? ಹುಡುಕಾಟ ಶುರುವಾಗಬೇಕಾದದ್ದು ಡಿಸ್ಚಾರ್ಜ್ ಆಗುವ ಮೊದಲೇ, ವಾರ್ಡಿನಲ್ಲೇ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 98ನೇ ಕಲಂ, ಬಿಡುಗಡೆಯ ನಂತರದ ಯೋಜನೆಯನ್ನು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾಡಬೇಕೆಂದು ಹೇಳುತ್ತದೆ. ಇದು ದಯೆಯಲ್ಲ, ಕಾನೂನು. ಆ ಯೋಜನೆಯಲ್ಲಿ ಹಗಲು ಹೊತ್ತಿಗೆ ಏನಿದೆ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಕೇಳಬೇಕಾದದ್ದು ಹೆಚ್ಚಾಗಿ ದೊಡ್ಡ ಡಾಕ್ಟರರನ್ನಲ್ಲ. ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತರನ್ನು, ಆಕ್ಯುಪೇಶನಲ್ ಥೆರಪಿಸ್ಟರನ್ನು. ಜಿಲ್ಲೆಯಲ್ಲಿ ಮಾನಸಧಾರ ಕೇಂದ್ರ ಎಲ್ಲಿದೆ, ಅಲ್ಲಿ ಏನು ನಡೆಯುತ್ತದೆ, ಬೇರೆ ಯಾವ ಸಂಸ್ಥೆ ಕಡಿಮೆ ಶುಲ್ಕ ತೆಗೆದುಕೊಳ್ಳುತ್ತದೆ ಎಂಬುದು ಗೊತ್ತಿರುವುದು ಅವರಿಗೇ. ಅದೂ ಸಿಗದಿದ್ದರೆ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು, ಕರೆ ಉಚಿತ. ಖಾಸಗಿಯವರ ಬಳಿ ಹೋಗುವುದಾದರೆ ಒಬ್ಬರಿಗೇ ಕೊಡುವ ಚಿಕಿತ್ಸೆಗಿಂತ ಗುಂಪಿನ ಚಿಕಿತ್ಸೆ ಅಗ್ಗ. ಹಿರಿಯರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡುವ ತರಬೇತಿ ವಿದ್ಯಾರ್ಥಿಗಳು ಇನ್ನೂ ಕಡಿಮೆ ತೆಗೆದುಕೊಳ್ಳಬಹುದು. ಎಷ್ಟು ವರ್ಷ ಓದಿದ್ದೀರಿ, ನಿಮ್ಮ ಮೇಲ್ವಿಚಾರಕರು ಯಾರು, ರೋಗಿಯ ಡಾಕ್ಟರರ ಜೊತೆ ಮಾತಾಡಲು ಸಿದ್ಧರಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಬೇಕು. ಕೇಳಿದ್ದಕ್ಕೆ ಸಿಟ್ಟಾಗುವವರ ಬಳಿ ಹೋಗದಿರುವುದೇ ಮೇಲು.

ಇಷ್ಟರಿಂದ ಒಂದು ಕುಟುಂಬಕ್ಕೆ ದಾರಿ ಸಿಗಬಹುದು, ಊರಿಗೆ ಸಿಗುವುದಿಲ್ಲ. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ 1990ರ ದಶಕದಲ್ಲೇ ವೈದ್ಯರು ಮಾತ್ರೆಯ ಜೊತೆಗೆ ಕಲೆಯ ತರಗತಿಯನ್ನೂ ಚೀಟಿಯಲ್ಲಿ ಬರೆದು ಕಳಿಸುವ ಏರ್ಪಾಡು ಶುರುವಾಯಿತು. ನಮ್ಮಲ್ಲಿ ಅಂಥದ್ದಕ್ಕೆ ಜಾಗದ ಕೊರತೆ ಇಲ್ಲ. ಬೆಳಗಿನ ಮದ್ರಸ ಮುಗಿದ ಮೇಲೆ ಸಂಜೆಯವರೆಗೆ ಬೀಗ ಹಾಕಿರುವ ಕೋಣೆಗಳು ಎಷ್ಟಿವೆ! ಮದುವೆ ಇಲ್ಲದ ದಿನ ಖಾಲಿ ಬಿದ್ದಿರುವ ಕಮ್ಯುನಿಟಿ ಹಾಲ್‌ಗಳು, ಗ್ರಾಮ ಪಂಚಾಯತಿನ ಅರಿವು ಕೇಂದ್ರಗಳು ಎಷ್ಟಿವೆ! ಹತ್ತು ಮಂದಿಗೆ ತಿಂಗಳಿಗೆ ಬೇಕಾಗುವ ಕಾಗದ, ಬಣ್ಣ, ದಾರದ ಖರ್ಚು ಒಂದು ಮದುವೆಯ ಐಸ್‌ಕ್ರೀಮಿಗಿಂತ ಕಡಿಮೆ. ನಿಜವಾದ ಖರ್ಚು ಮನುಷ್ಯರದ್ದು: ತರಬೇತಿಯುಳ್ಳ ಒಬ್ಬರಿಗೆ ವಾರಕ್ಕೆ ಒಂದು ದಿನದ ಗೌರವಧನ, ಉಳಿದ ದಿನಗಳಿಗೆ ತಾಳ್ಮೆಯುಳ್ಳ ಒಬ್ಬ ಸ್ಥಳೀಯರು, ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದ ಜೊತೆ ಒಂದು ಒಪ್ಪಂದ. ಝಕಾತ್ ಅದಕ್ಕೆ ನಿಗದಿಯಾದ ಫಲಾನುಭವಿಗಳಿಗೇ ಸಲ್ಲಬೇಕಾದ್ದರಿಂದ ಗೌರವಧನಕ್ಕೆ ಸದಕಾವನ್ನೋ ವಕ್ಫ್ ಆದಾಯವನ್ನೋ ನೋಡಬೇಕಾಗುತ್ತದೆ; ಅದನ್ನು ಉಲಮಾಗಳು ಕೂತು ಹೇಳಲಿ. ಬರುವವರು ಮುಸ್ಲಿಮರೇ ಆಗಿರಬೇಕೆಂಬ ನಿಯಮವಂತೂ ಬೇಡ. ಮನ್ಸೂರಿಯ ಬಾಗಿಲಲ್ಲೂ ಬಡವ ಬಲ್ಲಿದ ಎಂಬ ಭೇದವಿರಲಿಲ್ಲ ಎಂದು ಹೆಮ್ಮೆ ಪಡುವವರು ನಾವಲ್ಲವೇ?

ಯೋಜನೆ ಹಾಕುವವರು ಯಾವಾಗಲೂ ಬಿಟ್ಟುಬಿಡುವ ಒಂದು ಖರ್ಚು ಬಸ್ಸಿನದು. ಇಂಥ ಕೂಟಗಳಿಗೆ ಜನ ಒಂದೆರಡು ವಾರ ಬಂದು ನಿಲ್ಲಿಸುವುದು ಬಣ್ಣ ಇಷ್ಟವಾಗದೆ ಮಾತ್ರವಲ್ಲ. ಜೊತೆಗೆ ಬರಬೇಕಾದವರ ಒಂದು ದಿನದ ಕೂಲಿ ಹೋಗುತ್ತದೆ, ಎರಡು ಟಿಕೆಟಿನ ದುಡ್ಡು ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸು ಓಡುವಲ್ಲಿ ಹೆಂಗಸರಿಗೆ ಈ ಭಾರ ಇಳಿಯಿತು. ಆದರೆ ದಕ್ಷಿಣ ಕನ್ನಡ, ಉಡುಪಿಯ ಬಹುಪಾಲು ಹಳ್ಳಿಗಳಿಗೆ ಓಡುವುದು ಖಾಸಗಿ ಬಸ್ಸುಗಳು, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಆದ್ದರಿಂದ ಇಲ್ಲಿ ಯಾರಾದರೂ ಇಂಥದ್ದೊಂದು ಕೋಣೆ ತೆರೆಯುವುದಾದರೆ ಬಣ್ಣದ ಪೆಟ್ಟಿಗೆಗೆ ಆರ್ಡರ್ ಕೊಡುವ ಮೊದಲು ಬಸ್ಸಿನ ವೇಳಾಪಟ್ಟಿ ನೋಡಲಿ. ನಡೆದು ಬರುವ ದೂರದಲ್ಲಿ ಸಣ್ಣ ಕೋಣೆ ಸಿಕ್ಕಿದರೆ ಪೇಟೆಯ ದೊಡ್ಡ ಹಾಲ್‌ ಬಿಟ್ಟು ಅದನ್ನೇ ಹಿಡಿಯಲಿ.